ಮುಂದಿನ ಅಣಕವಾಡು ಯಾವುದಾಗಬಹುದು?

ಅಮೆರಿಕದ ಹಾಸ್ಯಗಾಯಕ ‘ವಿಯರ್ಡ್ ಅಲ್’ ಯಾಂಕೋವಿಕ್ ಮುಂದೆ ಯಾವ ಜನಪ್ರಿಯ ಹಾಡನ್ನು ಕೈಗೆತ್ತಿಕೊಳ್ಳಬಹುದು ಎಂದು ಊಹಿಸುವುದು ನನಗೆ ಕಾಲೇಜಿನ ದಿನಗಳಿಂದ ಅಂಟಿಕೊಂಡು ಬಂದ ಹವ್ಯಾಸ. ಮಂಗಳೂರಿನ ಜೆಪ್ಪುವಿನಲ್ಲಿ ನಮ್ಮ ನೆರೆಮನೆಯ ಹಿರಿಯರೊಬ್ಬರು ಸಂಜೆ ಜಗಲಿಯಲ್ಲಿ ಕುಳಿತು ಅಕಾರ್ಡಿಯನ್ ನುಡಿಸುತ್ತಿದ್ದರು. ಬಲಗೈ ಬೆರಳುಗಳು ಕೀಗಳ ಮೇಲೆ ಓಡುತ್ತಿದ್ದರೆ ಎಡಗೈ ಗುಂಡಿಗಳನ್ನು ಒತ್ತುತ್ತಲೇ ತಿದಿಯನ್ನು ಎಳೆದು ಮುಚ್ಚುವ ಆ ಚಂದವನ್ನು ನೋಡಿ ಬೆಳೆದ ನನಗೆ, ಅದೇ ವಾದ್ಯವನ್ನು ಎದೆಗೆ ತೂಗಿಸಿಕೊಂಡು ಜನರನ್ನು ನಗಿಸುವವರೊಬ್ಬರಿದ್ದಾರೆ ಎಂದು ತಿಳಿದಾಗ ಬಹಳ ಸಂತೋಷವಾಗಿತ್ತು.

ಹಾಡು ಎಷ್ಟು ಜನಪ್ರಿಯ ಎಂಬುದೊಂದನ್ನೇ ನೋಡಿದರೆ ಊಹೆ ತಪ್ಪುತ್ತದೆ. ನಮ್ಮ ಪುರಭವನದಲ್ಲಿ ತುಳು ನಾಟಕ ನೋಡಿದವರಿಗೆ ಇದರ ಮರ್ಮ ಗೊತ್ತಿದೆ: ಹಾಸ್ಯಪಾತ್ರಧಾರಿ ಮಾತು ಬದಲಿಸುವ ಮೊದಲೇ ಸಭೆಗೆ ಮೂಲ ಹಾಡು ಯಾವುದೆಂದು ಹೊಳೆದಿರಬೇಕು, ಇಲ್ಲವಾದರೆ ಬದಲಾದ ಮಾತಿಗೆ ಯಾರೂ ನಗುವುದಿಲ್ಲ. ಜತೆಗೆ ಪಲ್ಲವಿಯಲ್ಲಿ ಕಳಚಿ ಬೇರೆ ಕೂರಿಸಬಹುದಾದ ಒಂದು ಪದ ಇರಬೇಕು. ಮೈಕೆಲ್ ಜಾಕ್ಸನ್ ಅವರ ‘ಬೀಟ್ ಇಟ್’ 1984ರಲ್ಲಿ ಯಾಂಕೋವಿಕ್ ಕೈಯಲ್ಲಿ ‘ಈಟ್ ಇಟ್’ ಆದಾಗ ಬಿದ್ದುಹೋದದ್ದು ಆರಂಭದ ಒಂದೇ ವ್ಯಂಜನ. ಬೀದಿಜಗಳದ ಹಾಡು ಅಷ್ಟರಿಂದಲೇ ಊಟದ ಮೇಜಿಗೆ ಬಂದು ಕುಳಿತಿತು.

ಇನ್ನೊಂದು ಸಂಗತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಣಕವಾಡು ನ್ಯಾಯಯುತ ಬಳಕೆ, ಅಂದರೆ ಮೂಲದವರ ಒಪ್ಪಿಗೆ ಬೇಕಿಲ್ಲದ ಬಳಕೆ, ಎನಿಸಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದ್ದರೂ ಯಾಂಕೋವಿಕ್ ಮೂಲ ಕಲಾವಿದರ ಒಪ್ಪಿಗೆ ಕೇಳುವ ಪದ್ಧತಿಯನ್ನು ಬಿಟ್ಟಿಲ್ಲ. ಪಾಪ್ ಗಾಯಕ ಪ್ರಿನ್ಸ್ ಕೊನೆಯವರೆಗೂ ಒಪ್ಪಲಿಲ್ಲ, ಇವರೂ ಅವರನ್ನು ಮೀರಿ ಹೋಗಲಿಲ್ಲ. ಈ ಸೌಜನ್ಯವೇ ನನಗೆ ಅವರ ಮೇಲಿರುವ ಗೌರವಕ್ಕೆ ಮುಖ್ಯ ಕಾರಣ.

ಅವರ 2014ರ ‘ಮ್ಯಾಂಡೇಟರಿ ಫನ್’ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು; ಹಾಸ್ಯದ ಆಲ್ಬಂ ಒಂದಕ್ಕೆ 1963ರ ನಂತರ ಆ ಸ್ಥಾನ ಸಿಕ್ಕಿದ್ದು ಅದೇ ಮೊದಲು. ಆಮೇಲೆ ಅವರು ಬಿಡಿ ಹಾಡುಗಳಿಗೆ ಹೊರಳಿದರು. ಒಂದೊಂದೇ ಹಾಡನ್ನು ಆರಿಸಿಕೊಳ್ಳಬೇಕಾದಾಗ ನಾಲ್ಕು ವಾರಗಳಲ್ಲಿ ಮಾಸಿಹೋಗುವ ಹಾಡನ್ನು ಅವರು ಮುಟ್ಟಲಾರರು ಎಂಬುದು ನನ್ನ ಎಣಿಕೆ.

ಸಬ್ರಿನಾ ಕಾರ್ಪೆಂಟರ್ ಅವರ ‘ಎಸ್ಪ್ರೆಸೊ’ ಮೇಲೆ ನನ್ನ ಗೆಳತಿಗೆ ಬಹಳ ಭರವಸೆಯಿದೆ. ನನಗಿಲ್ಲ. ಗಂಭೀರವಾದದ್ದನ್ನು ಅಡುಗೆಮನೆಗೆ ಇಳಿಸುವುದು ಯಾಂಕೋವಿಕ್ ಅವರ ಹಳೆಯ ದಾರಿ. ಮೊದಲೇ ಕಾಫಿ ಲೋಟದಲ್ಲಿರುವ ಹಾಡು ಇನ್ನೆಲ್ಲಿಗೆ ಇಳಿಯಬೇಕು?

ನನ್ನ ಆಯ್ಕೆ ಗಾಯಕಿ ರೋಸೆ ಮತ್ತು ಗಾಯಕ ಬ್ರೂನೋ ಮಾರ್ಸ್ 2024ರ ಅಕ್ಟೋಬರಿನಲ್ಲಿ ತಂದ ‘ಎ.ಪಿ.ಟಿ.’. ಕೊರಿಯಾದ ಮದ್ಯಗೋಷ್ಠಿಯ ಆಟವೊಂದರಿಂದ ಬಂದ, ಅಪಾರ್ಟ್‌ಮೆಂಟ್ ಎಂಬರ್ಥದ ‘ಅಪಾತು’ ಎಂಬ ಪದವೇ ಅದರ ಪಲ್ಲವಿ. ಆ ಹಾಡು ಟೋನಿ ಬೇಸಿಲ್ ಹಾಡಿ ಹೆಸರುಮಾಡಿದ ‘ಮಿಕಿ’ಯ ಜಾಡಿನಲ್ಲಿ ನಡೆಯುವುದರಿಂದ, ‘ಮಿಕಿ’ಯ ರಚನಕಾರರಿಗೂ ಅದರಲ್ಲಿ ಹೆಸರು ಸಂದಿದೆ. ಅದೇ ‘ಮಿಕಿ’ಯನ್ನು ಯಾಂಕೋವಿಕ್ 1983ರಲ್ಲಿ ‘ರಿಕಿ’ ಎಂದು ಅಣಕಿಸಿದ್ದರು, ಬಿಲ್‌ಬೋರ್ಡ್ ಹಾಟ್ 100 ಪಟ್ಟಿಗೆ ಅವರನ್ನು ಮೊದಲು ಸೇರಿಸಿದ್ದೂ ಆ ಹಾಡೇ. ನಲವತ್ತು ವರ್ಷಗಳ ಹಿಂದೆ ತಾನೇ ಓಡಾಡಿದ ಬೀದಿ ಮತ್ತೆ ತೆರೆದುಕೊಂಡಿರುವಾಗ ಅವರ ಕಿವಿ ಅತ್ತ ತಿರುಗದೆ ಇರುವುದು ಹೇಗೆ?

ಕಳೆದ ಭಾನುವಾರ ಅಡುಗೆಮನೆಯಲ್ಲಿ ಅಮ್ಮನ ಜತೆ ಪಲ್ಯಕ್ಕೆ ಹೆಚ್ಚುತ್ತ, ಪಾತ್ರೆಯ ಮುಚ್ಚಳದ ಮೇಲೆ ತಾಳ ಹಾಕಿಕೊಂಡು ‘ಅಪಾತು, ಅಪಾತು’ ಎಂದು ಗುನುಗುತ್ತಿದ್ದೆ. ನಡುವಿನ ಅಕ್ಷರ ದೀರ್ಘ, ಆಚೀಚೆ ಎರಡೂ ಹ್ರಸ್ವ. ಕೈಯಲ್ಲಿದ್ದದ್ದು ಬಟಾಟೆ. ‘ಬಟಾಟೆ, ಬಟಾಟೆ’ ಎಂದು ಹಾಡಿ ನೋಡಿದೆ, ತಾಳ ಎಲ್ಲಿಯೂ ಎಡವಲಿಲ್ಲ. ಇಂಗ್ಲಿಷಿನ ‘ಪೊಟೇಟೊ’ ಕೂಡ ಹಾಗೆಯೇ ಕುಳಿತುಕೊಳ್ಳುತ್ತದೆ. ನನ್ನ ಊಹೆ ಅದೇ.