ಡೈಕಿರಿ: ರಮ್‌ಗಿಂತ ಮೊದಲು ಐಸ್ ಸರಿಮಾಡಿಕೊಳ್ಳಿ

ಡೈಕಿರಿ ಅನ್ನುವ ಕಾಕ್‌ಟೇಲ್‌ಗೆ ಬೇಕಾದ್ದು ಮೂರೇ: ಬಿಳಿ ರಮ್, ನಿಂಬೆರಸ, ಸಕ್ಕರೆ ಪಾಕ. ಕ್ಯೂಬಾದ ಸಾಂಟಿಯಾಗೊ ಹತ್ತಿರ ಇದೇ ಹೆಸರಿನ ಕಡಲತೀರವಿದೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಲ್ಲಿನ ಕಬ್ಬಿಣದ ಗಣಿಯಲ್ಲಿದ್ದ ಅಮೆರಿಕನ್ ಎಂಜಿನಿಯರ್ ಜೆನಿಂಗ್ಸ್ ಕಾಕ್ಸ್ ಇದನ್ನು ಮೊದಲು ಮಾಡಿದರು ಅನ್ನುತ್ತಾರೆ. ಕಬ್ಬು, ನಿಂಬೆ ಎರಡೂ ಬೆಳೆಯುವ ದ್ವೀಪದಲ್ಲಿ ಅದಕ್ಕೂ ಮುಂಚೆಯೇ ಯಾರೋ ಬೆರೆಸಿ ಕುಡಿದಿರಲೇಬೇಕು, ಬಿಡಿ. ಸ್ಟ್ರಾಬೆರಿ ಹಾಕಿ ಮಿಕ್ಸಿಯಲ್ಲಿ ಅರೆದು ಕೊಡುತ್ತಾರಲ್ಲ, ಅದು ಬೇರೆಯೇ ಪೇಯ. ಇಲ್ಲಿ ಹೇಳುತ್ತಿರುವುದು ಕುಲುಕಿ ಸೋಸಿ ಕೊಡುವ ಹಳೆಯ ಡೈಕಿರಿ.

ಒಂದು ಗ್ಲಾಸಿಗೆ ಅಳತೆ ಹೀಗೆ: ರಮ್ 60 ಮಿ.ಲೀ., ನಿಂಬೆರಸ 22 ಮಿ.ಲೀ., ಪಾಕ 20 ಮಿ.ಲೀ. ಮನೆಯಲ್ಲಿ ಮಾಡುವವರು ಸಾಮಾನ್ಯವಾಗಿ ದುಬಾರಿ ರಮ್‌ಗೆ ದುಡ್ಡು ಹಾಕಿ ಉಳಿದದ್ದನ್ನು ಅಂದಾಜಿಗೆ ಬಿಡುತ್ತಾರೆ. ಗ್ಲಾಸಿನಲ್ಲಿ ವ್ಯತ್ಯಾಸ ಮಾಡುವುದು ಮೊದಲು ಐಸ್, ಆಮೇಲೆ ನಿಂಬೆ, ಆಮೇಲೆ ಪಾಕ, ಕೊನೆಗೆ ರಮ್.

ಐಸ್ ಇಲ್ಲಿ ಎರಡು ಕೆಲಸ ಮಾಡುತ್ತದೆ: ತಣ್ಣಗಾಗಿಸುವುದು, ನೀರು ಸೇರಿಸುವುದು. ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ಮೈನಸ್ 18 ಡಿಗ್ರಿಯ ಒಂದು ಗ್ರಾಂ ಐಸ್ ಸೊನ್ನೆ ಡಿಗ್ರಿಗೆ ಬರುವಾಗ ಹೀರುವ ಶಾಖ ಸುಮಾರು 9 ಕ್ಯಾಲೊರಿ. ಅದೇ ಐಸ್ ಕರಗುವಾಗ ಹೀರುವುದು 80. ಅಂದರೆ ತಂಪಿನ ಬಹುಪಾಲು ಬರುವುದು ಕರಗುವುದರಿಂದಲೇ. ಮದ್ಯಸಾರ ಇರುವುದರಿಂದ ಮಿಶ್ರಣ ಸೊನ್ನೆಗಿಂತ ಕೆಳಗೆ, ಮೈನಸ್ 5 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಅಷ್ಟರಲ್ಲಿ 40ರಿಂದ 50 ಮಿ.ಲೀ. ನೀರು ಸೇರಿರುತ್ತದೆ. ಈ ನೀರು ಬೇಕೇ ಬೇಕು. ಅದಿಲ್ಲದೆ ರಮ್ ಗಂಟಲು ಸುಡುತ್ತದೆ, ನಿಂಬೆ ಹಲ್ಲು ಚುಳ್ಳೆನ್ನಿಸುತ್ತದೆ.

ಕೆಡುವುದು ಎಲ್ಲಿ ಅಂದರೆ, ಹೊರಗಿಟ್ಟು ಬೆವರುತ್ತಿರುವ ಐಸ್ ಬಳಸಿದಾಗ. ಅದರ ಮೈಮೇಲಿನ ನೀರು ಆಗಲೇ ಕರಗಿ ಆಗಿದೆ, ಇನ್ನು ಅದರಿಂದ ತಂಪು ಸಿಗುವುದಿಲ್ಲ, ಪೇಯ ಮಾತ್ರ ತೆಳುವಾಗುತ್ತದೆ. ಪುಡಿ ಐಸ್‌ನದೂ ಇದೇ ಪಾಡು: ಮೈ ಹೆಚ್ಚು, ಅಂಟಿಕೊಂಡ ನೀರೂ ಹೆಚ್ಚು. ಮೂರು ಸೆಂಟಿಮೀಟರ್ ಆಸುಪಾಸಿನ ಗಟ್ಟಿ ತುಂಡುಗಳನ್ನು ಫ್ರೀಜರ್‌ನಿಂದ ಕುಲುಕುವ ಕ್ಷಣಕ್ಕೆ ಹೊರತೆಗೆಯಿರಿ. ಟ್ರೇಗೆ ಮುಚ್ಚಳ ಇರಲಿ. ಫ್ರೀಜರ್‌ನ ವಾಸನೆಯನ್ನು ಐಸ್ ಹಿಡಿದುಕೊಂಡರೆ ಡೈಕಿರಿಯಲ್ಲಿ ಅದನ್ನು ಮುಚ್ಚಿಡಲು ಏನೂ ಇಲ್ಲ.

ನಿಂಬೆರಸ ಆಗಷ್ಟೇ ಹಿಂಡಿದ್ದಾಗಿರಬೇಕು. ಬಾಟಲಿ ರಸದಲ್ಲಿ ಹುಳಿ ಇರುತ್ತದೆ, ನಿಂಬೆಯ ಘಮ ಇರುವುದಿಲ್ಲ. ತೆಳು ಸಿಪ್ಪೆಯ ಹಣ್ಣನ್ನು ಅಂಗೈ ಕೆಳಗೆ ಉರುಳಿಸಿ, ಅಡ್ಡಕ್ಕೆ ಕತ್ತರಿಸಿ, ಹಿಂಡಿ. ಸಣ್ಣ ಹಣ್ಣಾದರೆ ಎರಡು ಬೇಕಾದೀತು. ಕೊನೆಯ ಹನಿಗೆ ಆಸೆಪಟ್ಟು ಸಿಪ್ಪೆ ನಜ್ಜುಗುಜ್ಜಾಗುವಂತೆ ಒತ್ತಿದರೆ ಕಹಿ ಇಳಿಯುತ್ತದೆ. ಬೀಜ, ತಿರುಳು ಸೋಸಿದ ಮೇಲೆಯೇ ಅಳೆಯಿರಿ. 'ಒಂದು ನಿಂಬೆಹಣ್ಣಿನ ರಸ' ಅನ್ನುವುದು ಅಳತೆಯೇ ಅಲ್ಲ. ಒಂದು ಹಣ್ಣು 12 ಮಿ.ಲೀ. ಕೊಟ್ಟರೆ ಇನ್ನೊಂದು 30 ಕೊಡುತ್ತದೆ.

ಪಾಕಕ್ಕೆ 100 ಗ್ರಾಂ ಸಕ್ಕರೆ, 100 ಗ್ರಾಂ ಬಿಸಿನೀರು. ತೂಕ ಹಾಕಿಯೇ ಮಾಡಿ. ಲೋಟದಿಂದ ಅಳೆದರೆ ಸಕ್ಕರೆಯ ಹರಳುಗಳ ನಡುವೆ ಗಾಳಿ ಇರುವುದರಿಂದ ಪಾಕ ಸಪ್ಪೆಯಾಗುತ್ತದೆ. ಒಲೆಯ ಮೇಲಿಡುವುದೇ ಬೇಡ, ಕಲಕಿದರೆ ಕರಗುತ್ತದೆ. ಕುದಿಸಿದಷ್ಟೂ ನೀರು ಆವಿಯಾಗಿ ಸಿಹಿ ಏರುತ್ತದೆ, ಮುಂದಿನ ಅಳತೆಯೆಲ್ಲ ತಪ್ಪುತ್ತದೆ. ಎಳೆ ಬರುವ ಮಾತಂತೂ ದೂರ, ಇದು ನೀರಿನ ಹಾಗೆ ಹರಿಯಬೇಕು. ಸುಮಾರು 160 ಮಿ.ಲೀ. ಸಿಗುತ್ತದೆ, ಎಂಟು ಗ್ಲಾಸಿಗೆ ಸಾಕು. ಪೂರ್ತಿ ಆರಿದ ಮೇಲೆ ಶುಭ್ರ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಎರಡು ವಾರ ಚೆನ್ನಾಗಿರುತ್ತದೆ. ಮಬ್ಬಾದರೆ ಚೆಲ್ಲಿಬಿಡಿ. ನಿಮ್ಮ ಹತ್ತಿರ ಎರಡು ಪಾಲು ಸಕ್ಕರೆ, ಒಂದು ಪಾಲು ನೀರಿನ ಗಟ್ಟಿ ಪಾಕ ಇದ್ದರೆ 20ರ ಬದಲು 14 ಮಿ.ಲೀ. ಹಾಕಿ. ಪಾಕ ಇಲ್ಲವೇ ಇಲ್ಲ ಅಂದರೆ 12 ಗ್ರಾಂ ಸಕ್ಕರೆಯನ್ನು ನಿಂಬೆರಸದಲ್ಲೇ ಮೊದಲು ಪೂರ್ತಿ ಕರಗಿಸಿ, ಆಮೇಲೆ ರಮ್ ಸೇರಿಸಿ. ರಮ್ ಮತ್ತು ಐಸ್ ಬಿದ್ದ ಮೇಲೆ ಸಕ್ಕರೆ ಕರಗುವುದು ಬಲು ನಿಧಾನ, ತಳದಲ್ಲಿ ಮರಳಿನ ಹಾಗೆ ಉಳಿಯುತ್ತದೆ.

ರಮ್ ಬಗ್ಗೆ ಹೆಚ್ಚಿಗೆ ಹೇಳುವುದಿಲ್ಲ. ಮದ್ಯಸಾರ ಶೇ. 40 ಆಸುಪಾಸಿನ, ಮಸಾಲೆ ಸುವಾಸನೆ ಸೇರಿಸದ, ಸಾಧಾರಣ ಬೆಲೆಯ ಬಿಳಿ ರಮ್ ಸಾಕು.

ಕೆಲಸ ಶುರುಮಾಡುವ 15 ನಿಮಿಷ ಮೊದಲು ಕಾಲಿರುವ ಸಣ್ಣ ಗ್ಲಾಸನ್ನು ಫ್ರೀಜರ್‌ಗೆ ಸೇರಿಸಿ. ಶೇಕರ್‌ಗೆ, ಅಂದರೆ ಮುಚ್ಚಿ ಕುಲುಕುವ ಪಾತ್ರೆಗೆ, ಮೊದಲು ನಿಂಬೆರಸ, ಪಾಕ, ಆಮೇಲೆ ರಮ್. ತಪ್ಪು ಅಳೆದರೂ ಹಾಳಾಗುವುದು ಅಗ್ಗದ ಸಾಮಾನು, ಅದಕ್ಕೇ ಈ ಕ್ರಮ. ಈಗ ಒಂದು ಹನಿ ರುಚಿ ನೋಡಿ. ತಣ್ಣಗಾದ ಮೇಲೆ ನಾಲಿಗೆಗೆ ಸಿಹಿ ಕಡಿಮೆ ತಿಳಿಯುವುದರಿಂದ, ಈ ಹಂತದಲ್ಲಿ ಸಿಹಿ ಒಂದು ಗುಲಗಂಜಿಯಷ್ಟು ಜಾಸ್ತಿ ಅನ್ನಿಸಬೇಕು. ಹುಳಿಯೇ ಮುಂದಿದ್ದರೆ ಇನ್ನು 3 ಮಿ.ಲೀ. ಪಾಕ ಹಾಕಿ. ಮೂರರಲ್ಲಿ ಎರಡು ಭಾಗ ತುಂಬುವಷ್ಟು ಐಸ್ ಹಾಕಿ, ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು 12 ಸೆಕೆಂಡ್ ಜೋರಾಗಿ ಕುಲುಕಿ. ಐಸ್ ಈ ತುದಿಯಿಂದ ಆ ತುದಿಗೆ ಬಡಿಯುವ ಸದ್ದು ಕೇಳಬೇಕು. ಹೊರಮೈ ಮಂಜುಗಟ್ಟಿ ಹಿಡಿಯಲಾರದಷ್ಟು ತಣ್ಣಗಾದರೆ ಆಯಿತು. ಅದಕ್ಕಿಂತ ಹೆಚ್ಚು ಕುಲುಕಿದರೂ ತಂಪು ಹೆಚ್ಚುವುದಿಲ್ಲ. ಟೀ ಸೋಸುವ ಸಣ್ಣ ಜಾಲರಿಯಲ್ಲಿ ಸೋಸಿ, ಗ್ಲಾಸಿಗೆ ಐಸ್ ಹಾಕದೆ, ತಕ್ಷಣ ಕುಡಿಯಿರಿ. ಸಿಹಿಹುಳಿಯ ಕೆಳಗೆ 60 ಮಿ.ಲೀ. ರಮ್ ಇದೆ, ಗಾಡಿ ಓಡಿಸುವವರಿಗೆ ಇದು ಬೇಡ.

ಶೇಕರ್ ಇಲ್ಲದಿದ್ದರೆ ತಿರುಪು ಮುಚ್ಚಳದ ಸ್ಟೀಲ್ ಬಾಟಲಿ ಸಾಕು, ಬಾಯಿ ಅಗಲ ಇರಬೇಕು ಅಷ್ಟೆ. ದಪ್ಪ ಗಾಜಿನ ಜಾಡಿ ಬಳಸುವುದಾದರೆ ಅದನ್ನು ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿಕೊಳ್ಳಿ, ಇಲ್ಲವಾದರೆ ಗಾಜಿನ ಬಿಸುಪು ಐಸ್ ಅನ್ನು ತಿನ್ನುತ್ತದೆ. ಎರಡು ಲೋಟದ ಸ್ಟೀಲ್ ಶೇಕರ್ ಕುಲುಕಿದ ಮೇಲೆ ಬಿಗಿದುಕೊಳ್ಳುವುದು ಒಳಗಿನ ಗಾಳಿ ತಣ್ಣಗಾಗಿ ಕುಗ್ಗುವುದರಿಂದ. ಎಳೆದಾಡಬೇಡಿ, ಎರಡೂ ಲೋಟ ಸೇರುವ ಜಾಗದ ಪಕ್ಕಕ್ಕೆ ಅಂಗೈಯಿಂದ ತಟ್ಟಿದರೆ ಬಿಟ್ಟುಕೊಳ್ಳುತ್ತದೆ. ಸೋಡಾದಂಥ ಗ್ಯಾಸ್ ಇರುವುದನ್ನು ಮಾತ್ರ ಎಂದಿಗೂ ಒಳಗೆ ಹಾಕಿ ಕುಲುಕಬಾರದು, ಒತ್ತಡಕ್ಕೆ ಮುಚ್ಚಳ ಹಾರುತ್ತದೆ.

ನಾಲ್ಕು ಜನಕ್ಕೆ ಮಾಡುವಾಗ ರಮ್, ನಿಂಬೆ, ಪಾಕ ಮೂರನ್ನೂ ನಾಲ್ಕರಷ್ಟು ಒಂದೇ ಜಗ್‌ನಲ್ಲಿ ಬೆರೆಸಿಡಬಹುದು. ಕುಲುಕುವಾಗ ಮಾತ್ರ ಒಂದು ಸಲಕ್ಕೆ ಎರಡೇ ಗ್ಲಾಸಿನಷ್ಟು, ಅಂದರೆ 204 ಮಿ.ಲೀ. ಹಾಕಿ. ಅದಕ್ಕಿಂತ ಹೆಚ್ಚು ತುಂಬಿದರೆ ಐಸ್‌ಗೆ ಓಡಾಡಲು ಜಾಗ ಇರುವುದಿಲ್ಲ. ಎರಡನೇ ಸುತ್ತಿಗೆ ಹಳೆಯ ಐಸ್ ಚೆಲ್ಲಿ ಹೊಸದು ಹಾಕಿ.