ಅಮೆರಿಕದ ಅಡುಗೆಮನೆಯಲ್ಲಿ ಯುಗಾದಿ ಒಬ್ಬಟ್ಟು

ಯುಗಾದಿ ಬಂದರೂ ನ್ಯೂಜೆರ್ಸಿ, ಷಿಕಾಗೊ ಕಡೆ ಮನೆಯ ಹೀಟರ್ ಆರಿರುವುದಿಲ್ಲ. ತೊಗರಿಬೇಳೆ, ಬೆಲ್ಲ, ಚಿರೋಟಿ ರವೆ ಎಲ್ಲ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಆದರೂ ಊರಿನ ಅಳತೆಯಲ್ಲೇ ಮಾಡಿದ ಒಬ್ಬಟ್ಟು ಹರಿಯುತ್ತದೆ, ಇಲ್ಲವೇ ರಬ್ಬರಾಗುತ್ತದೆ. ಹದ ಕೆಡಿಸುವುದು ಚಳಿ, ಅಮೆರಿಕದ ಹಿಟ್ಟು ಮತ್ತು ಕರೆಂಟ್ ಒಲೆ.

ಮೊದಲು ಹಬ್ಬ ಯಾವತ್ತು ಅಂತ ನೋಡಿಕೊಳ್ಳಿ. ಸೂರ್ಯೋದಯಕ್ಕೆ ಪಾಡ್ಯ ಇರಬೇಕು, ಆ ಸೂರ್ಯೋದಯ ನಿಮ್ಮ ಊರಿನದು. ಹಾಗಾಗಿ ಕೆಲವು ವರ್ಷ ಬೆಂಗಳೂರಿನ ಕ್ಯಾಲೆಂಡರಿಗಿಂತ ಒಂದು ದಿನ ಮುಂಚೆಯೇ ಹಬ್ಬ ಬರುತ್ತದೆ. ವಾರದ ನಡುವೆ ಬಿದ್ದರೆ ಹೂರಣವನ್ನು ಎರಡು ದಿನ ಮೊದಲೇ ಮಾಡಿ ಫ್ರಿಜ್ಜಿನಲ್ಲಿಡಬಹುದು. ತಟ್ಟುವ ಎರಡು ಗಂಟೆ ಮುಂಚೆ ಹೊರಗೆ ತೆಗೆದಿಡಿ. ತಣ್ಣಗೆ ಗಟ್ಟಿಯಾದ ಹೂರಣ ಕಣಕವನ್ನು ಸೀಳಿಕೊಂಡು ಹೊರಗೆ ಬರುತ್ತದೆ.

ಹನ್ನೆರಡು ಒಬ್ಬಟ್ಟಿಗೆ ಒಂದು ಕಪ್ ಬೇಳೆ, ನಾಲ್ಕು ಕಪ್ ನೀರು. ತೆರೆದ ಪಾತ್ರೆಯಲ್ಲೇ ಬೇಯಿಸಿ. ಕುಕ್ಕರಿನಲ್ಲಿ ಬೇಳೆ ಕರಗಿ ಹೋಗುತ್ತದೆ, ಬೇಳೆ ಬೆಂದ ನೀರು, ಅಂದರೆ ಕಟ್ಟು, ಬೇರೆಯಾಗುವುದಿಲ್ಲ, ಸಾರಿಗೂ ಕುತ್ತು. ಬೆರಳಲ್ಲಿ ಒತ್ತಿದರೆ ನುರಿಯಬೇಕು, ಕಣ್ಣಿಗೆ ಮಾತ್ರ ಬೇಳೆ ಬೇಳೆಯಾಗಿಯೇ ಕಾಣಬೇಕು. ನೀರು ಗಡುಸಾಗಿದ್ದರೆ ಅಥವಾ ಬೇಳೆ ಹಳತಾಗಿದ್ದರೆ ಅರ್ಧ ಗಂಟೆಗೂ ಬೇಯುವುದಿಲ್ಲ, ಹಿಂದಿನ ದಿನವೇ ಒಂದು ಹಿಡಿ ಬೇಯಿಸಿ ನೋಡುವುದು ಒಳ್ಳೆಯದು. ಬಸಿದ ಮೇಲೆ ಹತ್ತು ನಿಮಿಷ ಜರಡಿಯಲ್ಲೇ ಬಿಡಿ. ಅವಸರ ಮಾಡಿದರೆ ಆ ನೀರೆಲ್ಲ ಹೂರಣಕ್ಕೇ ಸೇರುತ್ತದೆ.

ಬಸಿದ ಬೇಳೆಗೆ ಮುಕ್ಕಾಲರಿಂದ ಒಂದು ಕಪ್ ಪುಡಿ ಬೆಲ್ಲ, ಅರ್ಧ ಕಪ್ ಕಾಯಿತುರಿ. ಫ್ರೋಜನ್ ತುರಿ ಆಗುತ್ತದೆ, ಆದರೆ ಪೂರ್ತಿ ಕರಗಿಸಿ ಹಿಂಡಿ ಹಾಕಿ. ಮಣ್ಣು ಸಿಗುವ ಬೆಲ್ಲವಾದರೆ ಎರಡು ಚಮಚ ನೀರಲ್ಲಿ ಕರಗಿಸಿ ಸೋಸಿ. ಬೆಲ್ಲ ಬಿದ್ದ ಕೂಡಲೇ ಎಲ್ಲ ನೀರಾಗುತ್ತದೆ, ಹೆದರಬೇಡಿ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಹೋದರೆ ತಳ ಬಿಡುತ್ತದೆ. ಏಲಕ್ಕಿ ಹಾಕಿ, ಬಿಸಿ ಸ್ವಲ್ಪ ಆರಿದ ಮೇಲೆ ನೀರು ಸೋಕಿಸದೆ ರುಬ್ಬಿ. ಉಂಡೆ ಕಟ್ಟಿ ತಟ್ಟೆಯಲ್ಲಿಟ್ಟು ಐದು ನಿಮಿಷ ಬಿಡಿ. ಕೂತು ಚಪ್ಪಟೆಯಾದರೆ ಇನ್ನೂ ನೀರಿದೆ, ಮತ್ತೆ ಒಲೆಗೆ ಹಾಕಿ. ಮೈದಾ ಸೇರಿಸಿ ಗಟ್ಟಿ ಮಾಡುವುದು ಬೇಡ, ಹಸಿ ವಾಸನೆ ಉಳಿಯುತ್ತದೆ. ಬಿರುಕು ಬಿಟ್ಟರೆ ಒಂದೆರಡು ಚಮಚ ಹಾಲು ಸಾಕು.

ಕಣಕಕ್ಕೆ ಒಂದೂಕಾಲು ಕಪ್ ಆಲ್ ಪರ್ಪಸ್ ಹಿಟ್ಟು, ಕಾಲು ಕಪ್ ಚಿರೋಟಿ ರವೆ, ಚಿಟಿಕೆ ಅರಿಶಿನ, ಉಪ್ಪು. ಬ್ರೆಡ್ ಹಿಟ್ಟು ಬೇಡವೇ ಬೇಡ. ಅದರಲ್ಲಿ ಗ್ಲುಟನ್ ಹೆಚ್ಚು, ತಟ್ಟಿದಷ್ಟೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಚಪಾತಿ ಹಿಟ್ಟಿಗಿಂತ ಮೆತ್ತಗೆ, ಕೈಗೆ ಅಂಟುವಷ್ಟು ಕಲಸಿ, ಕಾಲು ಕಪ್ ಎಣ್ಣೆ ಹಾಕಿ ನಾದಿ ಮುಚ್ಚಿಡಿ. ಕಿವಿಯ ಹಾಲೆಯಷ್ಟು ಮೆತ್ತಗಿರಬೇಕು ಅನ್ನುವ ಅಜ್ಜಿಯರ ಅಳತೆ ಅಮೆರಿಕದಲ್ಲೂ ನಡೆಯುತ್ತದೆ. ನಡೆಯದಿರುವುದು ಅವರ ಗಡಿಯಾರ. ಊರಲ್ಲಿ ಎರಡು ಗಂಟೆ ಸಾಕಾದರೆ ಇಲ್ಲಿನ ಚಳಿಗೆ ನಾಲ್ಕು ಬೇಕು. ಓವನ್ ಹಚ್ಚದೆ ಒಳಗಿನ ದೀಪ ಮಾತ್ರ ಹಾಕಿ ಅದರೊಳಗಿಟ್ಟರೆ ಹದವಾಗಿ ನೆನೆಯುತ್ತದೆ. ಓವನ್ ಬಾಗಿಲಿಗೆ ಒಂದು ಚೀಟಿ ಅಂಟಿಸಿಬಿಡಿ, ಮನೆಯಲ್ಲಿ ಯಾರಾದರೂ ಪಿಜ್ಜಾಕ್ಕೆಂದು ಬಿಸಿಗಿಟ್ಟಾರು.

ನಿಂಬೆ ಗಾತ್ರದ ಕಣಕಕ್ಕೆ ಅದರ ಒಂದೂವರೆ ಪಟ್ಟು ಹೂರಣ. ಎಣ್ಣೆ ಸವರಿದ ಬಾಳೆಲೆ ಇಲ್ಲವೇ ದಪ್ಪ ಜಿಪ್‌ಲಾಕ್ ಕವರಿನ ಮೇಲೆ ನಡುವಿನಿಂದ ಅಂಚಿಗೆ ತಟ್ಟಿ. ಕರೆಂಟ್ ಒಲೆ ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಮೂರನೆಯ ಒಬ್ಬಟ್ಟು ಕರಟುವುದು ಅದಕ್ಕೇ. ಮೀಡಿಯಂಗಿಂತ ಒಂದು ಮೆಟ್ಟಿಲು ಕೆಳಗಿಟ್ಟು ಹಂಚನ್ನು ಚೆನ್ನಾಗಿ ಕಾಯಿಸಿಕೊಳ್ಳಿ. ಬೇಯಿಸಲು ಎಣ್ಣೆ, ತುಪ್ಪ ಬಡಿಸುವಾಗ. ಹಂಚು ಅತಿಯಾಗಿ ಕಾದು ಹೊಗೆಯೆದ್ದರೆ ಸ್ಮೋಕ್ ಅಲಾರಂ ಇಡೀ ಅಪಾರ್ಟ್‌ಮೆಂಟಿಗೆ ಹಬ್ಬ ಸಾರುತ್ತದೆ.

ಬೇವು-ಬೆಲ್ಲಕ್ಕೆ ಒಣಗಿದ ಬೇವಿನ ಹೂವು ಅಂಗಡಿಯಲ್ಲಿ ಸಿಕ್ಕರೆ ಸಾಕು. ಟೆಕ್ಸಸ್, ಫ್ಲಾರಿಡಾ ಕಡೆ ರಸ್ತೆ ಬದಿಯಲ್ಲಿ ಬೇವಿನಂತೆಯೇ ಕಾಣುವ ಚೈನಾಬೆರಿ ಮರಗಳಿವೆ. ಅವು ವಿಷ, ಗುರುತು ಖಚಿತವಿಲ್ಲದ ಮರದ ಸೊಪ್ಪು ಕೀಳಬೇಡಿ. ಊರಿಂದ ಹಸಿ ಬೇವು, ಕರಿಬೇವು ಸೂಟ್‌ಕೇಸಿನಲ್ಲಿ ತರುವುದೂ ಬೇಡ. ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ, ಹೇಳದೆ ತಂದಿದ್ದರೆ ದಂಡವೂ ಬೀಳಬಹುದು.

ಒಬ್ಬಟ್ಟಿನಷ್ಟೇ ಮುಖ್ಯ ಅದರ ಸಾರು. ಬಸಿದ ಕಟ್ಟು ಎರಡು ಕಪ್, ಒಂದು ಸಣ್ಣ ಹಿಡಿ ಹೂರಣ, ಎರಡು ಚಮಚ ಸಾರಿನ ಪುಡಿ, ಎರಡು ಚಮಚ ಕಾಯಿಯ ಜೊತೆ ಅರ್ಧ ಚಮಚ ಜೀರಿಗೆ ರುಬ್ಬಿದ್ದು, ನೆಲ್ಲಿಕಾಯಿ ಗಾತ್ರದ ಹುಣಸೆಯ ರಸ, ಉಪ್ಪು. ಬಾಟಲಿಯ ಹುಣಸೆ ಪೇಸ್ಟಾದರೆ ಅರ್ಧ ಚಮಚ ಮೀರಬೇಡಿ, ಸಾರು ಕಪ್ಪಾಗಿ ಒಗರಾಗುತ್ತದೆ. ಹತ್ತು ನಿಮಿಷ ಕುದಿಸಿ ತುಪ್ಪದಲ್ಲಿ ಸಾಸಿವೆ, ಇಂಗು, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಡಿ. ಸಿಹಿ ಮುಂದಾದರೆ ಹುಣಸೆಗಿಂತ ಮೊದಲು ಖಾರ ಹೆಚ್ಚಿಸಿ ನೋಡಿ. ಮಾರನೆಯ ದಿನ ಗಟ್ಟಿಯಾಗಿರುತ್ತದೆ, ಬಿಸಿನೀರು ಬೆರೆಸಿ ಒಂದು ಕುದಿ ತನ್ನಿ, ಉಪ್ಪು ಆಮೇಲೆ ನೋಡಿ.