ಗಾಜಿಗೆ ಅಂಟಿದ ಎತ್ತಿನ ಕೊಂಬು

ದಾವಣಗೆರೆಯ ವಿದ್ಯಾನಗರದ ಆ ಮನೆಯವರಿಗೆ ಸ್ನಾನಗೃಹದಲ್ಲಿ ಹಳ್ಳಿಮನೆಯ ಕಳೆ ಬೇಕಿತ್ತು. ಒಳಾಂಗಣ ವಿನ್ಯಾಸಕಿಯಾದ ನಾನು ಕೋಳಿ, ತಂಬಿಗೆ, ಕಾಡುಹೂವುಗಳ ಮುದ್ರಿತ ಚಿತ್ರಗಳನ್ನು ಆರಿಸಿಟ್ಟಿದ್ದೆ. ಅಷ್ಟರಲ್ಲಿ ಮನೆಯ ಹಿರಿಯ ಅಮ್ಮ ಕಪಾಟಿನಿಂದ ಒಂದು ಜಲವರ್ಣ ಚಿತ್ರ ತಂದರು: ಗಿರಣಿಯ ಮುಂದೆ ಸಾಲುಗಟ್ಟಿ ನಿಂತ ಹತ್ತಿಯ ಗಾಡಿಗಳು. "ನಮ್ಮ ಯಜಮಾನರು ಬರೆದದ್ದು" ಎಂದರು. ನಮ್ಮ ಊರಿಗೆ ಇದಕ್ಕಿಂತ ಒಪ್ಪುವ ಚಿತ್ರ ಇನ್ನೊಂದಿಲ್ಲ ಎನ್ನಿಸಿತು. ಷವರ್‌ನಿಂದ ಆರು ಅಡಿ ದೂರ, ನೀರು ಸಿಡಿಯುವುದಿಲ್ಲ ಎಂದು ಲೆಕ್ಕ ಹಾಕಿ ಬೇಸಿನ್ ಪಕ್ಕ ಹಾಕಿಸಿದೆ. ಹಬೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಫ್ರೇಮ್ ಕಟ್ಟುವವರು ಮೌಂಟ್, ಅಂದರೆ ಚಿತ್ರಕ್ಕೂ ಗಾಜಿಗೂ ನಡುವೆ ಅಂತರ ಕೊಡುವ ದಪ್ಪ ರಟ್ಟಿನ ಅಂಚು, ಹಾಕೋಣ ಎಂದಿದ್ದರು. ಅದಕ್ಕೆ ಇನ್ನೊಂದು ದಿನ ಬೇಕಿತ್ತು, ಮರುದಿನವೇ ಮನೆಯವರಿಗೆ ಕೆಲಸ ಒಪ್ಪಿಸುವ ಹ್ಯಾಂಡ್‌ಓವರ್. ಎಕ್ಸಾಸ್ಟ್ ಫ್ಯಾನ್‌ಗೆ ವೈರಿಂಗ್ ಕೂಡ ಆಗಿರಲಿಲ್ಲ, ಆದರೆ ನಮ್ಮ ಕಚೇರಿಗೆ ಮುಗಿದ ಕೆಲಸದ ಫೋಟೊ ಮುಖ್ಯ. ಆ ಅವಸರದ ಮೇಲೆ ಇಂದಿಗೂ ನನಗೆ ಸಿಟ್ಟಿದೆ. ಆದರೂ ಮೌಂಟ್ ಬೇಡ ಎಂದವಳು ನಾನೇ.

ಮಳೆಗಾಲದಲ್ಲಿ ಕರೆ ಬಂತು. ಫ್ರೇಮಿನ ಹಿಂಬದಿಯ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆ ಉಬ್ಬಿತ್ತು, ಕಾಗದ ಅಲೆಅಲೆಯಾಗಿತ್ತು, ಅಂಚಿನಲ್ಲಿ ಕಪ್ಪು ಬೂಷ್ಟು. ಊಟದ ಮೇಜಿನ ಮೇಲೆ ಫ್ರೇಮ್ ಬೋರಲು ಹಾಕಿ ಮೊಳೆ ಕಿತ್ತೆ. ಅಮ್ಮ ಎದುರಿಗೇ ನಿಂತಿದ್ದರು. ಕಾಗದ ಅರ್ಧದವರೆಗೆ ಎದ್ದು ಅಲ್ಲೇ ನಿಂತಿತು. ಜಲವರ್ಣದಲ್ಲಿ ಬಣ್ಣವನ್ನು ಹಿಡಿದಿಡುವುದು ನೀರಿಗೆ ಕರಗುವ ಗೋಂದು. ತೇವಕ್ಕೆ ಅದು ಇಳಿದು ಗಾಜಿಗೆ ಕಚ್ಚಿಕೊಂಡಿತ್ತು. "ಎಳೆಯಬೇಡಿ ಮೇಡಂ, ಹಾಗೇ ಅಂಗಡಿಗೆ ಒಯ್ಯೋಣ" ಎಂದು ಫ್ರೇಮಿನವರು ಹೇಳಿದರು. ಅಮ್ಮನ ಕಣ್ಣೆದುರಿಗೇ ಸರಿಪಡಿಸಿ ತೋರಿಸುವ ಹಟ ನನಗೆ. ಒಂದು ಬೆರಳಿನಷ್ಟು ಎಳೆದೆ. ತೆಳ್ಳಗೆ ಸದ್ದಾಯಿತು.

ಅಮ್ಮ ಗಾಜನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. "ಇದು ಬಲಗಡೆಯ ಎತ್ತಿನ ಕೊಂಬು" ಎಂದರು. ಅಷ್ಟೇ.

ಮೂಲ ಚಿತ್ರವನ್ನು ನಾನೀಗ ಯಾವ ಸ್ನಾನಗೃಹಕ್ಕೂ ಒಯ್ಯುವುದಿಲ್ಲ. ಸ್ಕ್ಯಾನ್ ಮಾಡಿಸಿ ಪ್ರತಿಯನ್ನು ಹಾಕಿಸುತ್ತೇನೆ. ಮೌಂಟ್ ಅಥವಾ ಸ್ಪೇಸರ್ (ಅಂಚಿಗೆ ಇಡುವ ತೆಳು ಪಟ್ಟಿ) ಇಟ್ಟು ಕಾಗದವನ್ನು ಗಾಜಿನಿಂದ ದೂರವಿಡಲೇಬೇಕು. ಹಿಂಬದಿಗೆ ಎಂಡಿಎಫ್ ಬೇಡ, ತೇವ ಒಳಹೋಗದಂತೆ ಸುತ್ತ ಟೇಪ್ ಬೇಕು. ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿಯಾಡುತ್ತದೆ. ಫ್ಯಾನ್ ತಿರುಗುವವರೆಗೆ ಮೊಳೆಯನ್ನೇ ಹೊಡೆಸುವುದಿಲ್ಲ, ಕಚೇರಿ ಎಷ್ಟೇ ಕೂಗಾಡಲಿ.

ಚಿತ್ರ ಈಗ ನಡುಮನೆಯಲ್ಲಿದೆ. ಆ ಗಾಜನ್ನು ಎಸೆಯಲು ಅಮ್ಮ ಒಪ್ಪಲಿಲ್ಲ. ಹಳೆಯ ಸೀರೆಯೊಂದರಲ್ಲಿ ಸುತ್ತಿ ಅದೇ ಕಪಾಟಿನಲ್ಲಿ ಇಟ್ಟಿದ್ದಾರೆ.